ಶ್ರೀನಗರ–ಲೇಹ್: ಮುಕ್ಕಾಲು ಗಂಟೆಯ ದಾರಿ, ಎರಡು ದಿನದ ದಾರಿ

ಭೂಪಟದಲ್ಲಿ ಒಂದು ತಮಾಷೆ ಉಂಟು. ನಮ್ಮ ಮಂಗಳೂರಿನ ನೇರ ಉತ್ತರಕ್ಕೆ ಶ್ರೀನಗರ, ಬೆಂಗಳೂರಿನ ಉತ್ತರಕ್ಕೆ ಹೆಚ್ಚುಕಡಿಮೆ ಲಡಾಖ್‌ನ ಲೇಹ್. ಬಜ್ಪೆಯಿಂದ ದೇವನಹಳ್ಳಿಗೆ ಆಕಾಶದಲ್ಲಿ ಸುಮಾರು 305 ಕಿ.ಮೀ. ಉತ್ತರಕ್ಕೆ ಹೋದಷ್ಟೂ ರೇಖಾಂಶಗಳು ಹತ್ತಿರವಾಗುವುದರಿಂದ ಶ್ರೀನಗರ–ಲೇಹ್ ನಡುವೆ ಸುಮಾರು 257 ಮಾತ್ರ. ಬೆಂಗಳೂರಿಗೆ ಹೋಗಿಬಂದಷ್ಟೇ ಅಂದುಕೊಂಡು ಮೊದಲ ಸಲ ವಿಮಾನ ಹತ್ತಿದೆ.

ಏರಿದ್ದರಿಂದ ಇಳಿಯುವವರೆಗೆ ಮುಕ್ಕಾಲು ಗಂಟೆ. ಕಿಟಕಿಯಾಚೆ 7,000 ಮೀಟರ್ ದಾಟಿದ ನುನ್, ಕುನ್ ಶಿಖರಗಳು. ಚಹಾ ಮುಗಿಸುವಷ್ಟರಲ್ಲಿ ಸಿಂಧೂ ಕಣಿವೆ. ಆದರೆ ಶ್ರೀನಗರದಲ್ಲಿ ತಪಾಸಣೆ ವಿಮಾನ ನಿಲ್ದಾಣದ ಹೊರಗೇಟಿನಿಂದಲೇ ಶುರು, ಮೂರು ಗಂಟೆ ಮೊದಲೇ ಹೊರಟಿದ್ದೆ. ಲೇಹ್‌ನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು, ವಿಮಾನಗಳೆಲ್ಲ ಹೆಚ್ಚಾಗಿ ಬೆಳಗ್ಗೆಯೇ. ಹಾಗಾಗಿ ನಿದ್ದೆಯೂ ಹೋಯಿತು.

ಅಸಲು ಲೆಕ್ಕ ಇಳಿದ ಮೇಲೆ. ಶ್ರೀನಗರದ ನಿಲ್ದಾಣ ಸುಮಾರು 1,650 ಮೀಟರ್ ಎತ್ತರದಲ್ಲಿದ್ದರೆ ಲೇಹ್‌ನದು 3,256. ಕಡಲ ಮಟ್ಟದಲ್ಲಿ ಬೆಳೆದ ನನ್ನ ಶ್ವಾಸಕೋಶಕ್ಕೆ ಇದನ್ನು ಯಾರೂ ಹೇಳಿರಲಿಲ್ಲ. ತಲೆ ಸಿಡಿತ, ಊಟ ಬೇಡ, ಮೆಟ್ಟಿಲು ಹತ್ತಿದರೆ ಏದುಸಿರು. ಒಂದೂವರೆ ದಿನ ಹಾಸಿಗೆಯಲ್ಲೇ ಕಳೆದೆ ಮಾರಾಯ್ರೆ. ಗಂಜಿಯಾದರೂ ಕುಡಿಯೋಣವೆಂದು ಊರಿನಿಂದ ತಂದ ಕುಚ್ಚಲಕ್ಕಿ ಬೇಯಲು ಇಟ್ಟರೆ ಅದೂ ಕೈಕೊಟ್ಟಿತು: ಅಲ್ಲಿ ನೀರು 90 ಡಿಗ್ರಿಯೂ ಮುಟ್ಟದೆ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅಕ್ಕಿ ಅರಳುವುದಿಲ್ಲ.

ಮೂರು ವರ್ಷ ಬಿಟ್ಟು ರಸ್ತೆಯಲ್ಲಿ ಹೋದೆ. ಸುಮಾರು 420 ಕಿ.ಮೀ., ಎರಡು ದಿನ, ನಡುವೆ ಕಾರ್ಗಿಲ್‌ನಲ್ಲಿ ರಾತ್ರಿ. 3,528 ಮೀಟರಿನ ಜೋಜಿಲಾ ಘಾಟಿ ಹತ್ತುವಾಗ ಶಿರಾಡಿ ನೆನಪಾಯಿತು, ಮರಗಳನ್ನು ಮಾತ್ರ ಯಾರೋ ಒರೆಸಿ ತೆಗೆದಂತಿತ್ತು. ನಮ್ಮ ಬದಿಯ ಗಾಡಿ ಬಿಡುವ ಹೊತ್ತಿಗೆ ಕಾದು ಒಂದು ಬೆಳಗ್ಗೆ ಹಾಳು. ಆದರೆ ಕಾರ್ಗಿಲ್ ಸುಮಾರು 2,700 ಮೀಟರ್; ಹತ್ತಿ, ಇಳಿದು, ಒಂದು ರಾತ್ರಿ ಮಲಗಿ ಮತ್ತೆ ಹತ್ತುವಾಗ ಮೈ ಒಗ್ಗಿತ್ತು. ಮುಲ್ಬೇಖ್‌ನಲ್ಲಿ ಬಂಡೆಯಲ್ಲೇ ಕೆತ್ತಿದ ಮೈತ್ರೇಯ ಬುದ್ಧ, ಈ ದಾರಿಯ ಅತಿ ಎತ್ತರದ ಘಾಟಿ ಫೋಟು ಲಾ (4,108 ಮೀಟರ್), ಅದರಿಳಿಜಾರಿನಲ್ಲಿ ಲಾಮಾಯುರು ಬೌದ್ಧ ಮಠ. ಕಾರಿನ ಕುಲುಕಾಟಕ್ಕೆ ಸೊಂಟ ಬಿದ್ದುಹೋಯಿತು, ಅದು ನಿಜ. ಆದರೆ ಲೇಹ್ ಮುಟ್ಟಿದ ಸಂಜೆಯೇ ಪೇಟೆಯಲ್ಲಿ ತಿರುಗಾಡಿದೆ.

ಹಾಗಾಗಿ ಕೂಡಿಸಿ ಕಳೆದು ನೋಡಿದರೆ ಎರಡೂ ದಾರಿಗೆ ಸುಮಾರು ಎರಡೇ ದಿನ. ಒಂದರಲ್ಲಿ ಅದು ಹಾಸಿಗೆಯಲ್ಲಿ ಹೋಗುತ್ತದೆ, ಇನ್ನೊಂದರಲ್ಲಿ ಕಿಟಕಿಯ ಪಕ್ಕ.

ಚಳಿಗಾಲದ ಮಾತು ಬೇರೆ. ಶಿರಾಡಿ ಕುಸಿದರೆ ನಮಗೆ ಚಾರ್ಮಾಡಿಯಾದರೂ ಉಂಟು. ಹಿಮ ಬಿದ್ದು ಜೋಜಿಲಾ ಮುಚ್ಚಿದರೆ ಶ್ರೀನಗರದಿಂದ ವಿಮಾನ ಬಿಟ್ಟು ಗತಿಯಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರು ಡಾಕ್ಟರನ್ನು ಕೇಳದೆ ಎರಡರಲ್ಲಿ ಯಾವುದನ್ನೂ ಹಿಡಿಯಬೇಡಿ.

ನಾನಂತೂ ಇನ್ನೊಮ್ಮೆ ಹೋದರೆ ಹತ್ತುವುದು ಕಾರಿನಲ್ಲಿ, ಇಳಿಯುವುದು ವಿಮಾನದಲ್ಲಿ. ಚೀಲದಲ್ಲಿ ಈ ಸಲ ಸಣ್ಣ ಕುಕ್ಕರ್ ಇರುತ್ತದೆ.