ಎರಡನೇ ಸಲ ‘ಬ್ರೇಕಿಂಗ್ ಬ್ಯಾಡ್’: ಇದು ಷಡ್ಡಕರ ಜಗಳ

‘ಬ್ರೇಕಿಂಗ್ ಬ್ಯಾಡ್’ ಅಮೆರಿಕದ ಟಿವಿ ಸರಣಿ. ಅದರ ನಾಯಕ ವಾಲ್ಟರ್‌ಗೆ ಹ್ಯಾಂಕ್ ಇಂಗ್ಲಿಷ್‌ನಲ್ಲಿ ‘ಬ್ರದರ್ ಇನ್ ಲಾ’. ಭಾವ, ಮೈದುನ, ಷಡ್ಡಕ, ಎಲ್ಲಕ್ಕೂ ಅವರದ್ದು ಅದೊಂದೇ ಪದ. ನಮಗೆ ಆ ಗೊಂದಲ ಇಲ್ಲ. ವಾಲ್ಟರ್‌ನ ಹೆಂಡತಿ ಸ್ಕೈಲರ್ ಮತ್ತು ಹ್ಯಾಂಕ್‌ನ ಹೆಂಡತಿ ಮರೀ ಅಕ್ಕತಂಗಿಯರು, ಗಂಡಂದಿರು ಷಡ್ಡಕರು. ಹಬ್ಬಕ್ಕೆ ಇಬ್ಬರು ಅಳಿಯಂದಿರು ಬಂದ ಮನೆಯ ಜಗಲಿ ನೋಡಿದವರಿಗೆ ಇದರ ಬಿಸಿ ಗೊತ್ತು. ಒಬ್ಬ ಬಾಯಿ ತೆರೆದರೆ ಸಾಕು ಎಲ್ಲರೂ ನಗುತ್ತಾರೆ, ಇನ್ನೊಬ್ಬ ಕವಳದ ತಟ್ಟೆ ಎಳೆದುಕೊಂಡು ಸುಮ್ಮನೆ ಅಡಿಕೆ ಕತ್ತರಿಸುತ್ತಾನೆ. ವಾಲ್ಟರ್ ಆ ಅಡಿಕೆ ಕತ್ತರಿಸುವವನು.

ಮೊದಲ ಸಲ ನೋಡುವಾಗ ಮುಂದೇನಾಗುತ್ತದೆ ಅನ್ನುವುದರಲ್ಲೇ ಗಮನ. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ಮಾದಕ ವಸ್ತು ತಯಾರಿಸುತ್ತಾನೆ, ಷಡ್ಡಕನೇ ಮಾದಕ ದ್ರವ್ಯ ನಿಗ್ರಹದ ಅಧಿಕಾರಿ. ಕಥೆಯ ತುದಿ ಗೊತ್ತಿದ್ದು ನೋಡಿದಾಗ ಊಟದ ಮೇಜಿನ ದೃಶ್ಯಗಳೇ ಮುಖ್ಯವಾಗುತ್ತವೆ. (ಪೂರ್ತಿ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಹೇಳಿಬಿಟ್ಟಿದೆ.)

ಮೊದಲ ಕಂತಿನಲ್ಲೇ ಬೀಜ ಇದೆ. ವಾಲ್ಟರ್‌ನ 50ನೇ ಹುಟ್ಟುಹಬ್ಬ, ಆದರೆ ಮನೆ ತುಂಬ ಹ್ಯಾಂಕ್‌ನದ್ದೇ ಗದ್ದಲ. ಅವನ ಪಿಸ್ತೂಲು ನೋಡಿ ಮಗ ಖುಷಿಪಡುತ್ತಾನೆ. ವಾಲ್ಟರ್ ಕೈಗೆ ಅದು ಬಂದಾಗ ಭಾರ ಅನ್ನುತ್ತಾನೆ, ಅದಕ್ಕೇ ಈ ಕೆಲಸಕ್ಕೆ ಗಂಡಸರನ್ನು ತೆಗೆದುಕೊಳ್ಳುವುದು ಎಂದು ಹ್ಯಾಂಕ್ ಚಟಾಕಿ ಹಾರಿಸುತ್ತಾನೆ. ಟಿವಿಯಲ್ಲೂ ಅವನೇ, ಅವನು ಹಿಡಿದ ಹಣದ ರಾಶಿಯೇ.

ಎರಡನೇ ಸೀಸನ್‌ನ 10ನೇ ಕಂತಿನ ಈಜುಕೊಳದ ದೃಶ್ಯವನ್ನಂತೂ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಕಾಯಿಲೆ ಹಿಡಿತಕ್ಕೆ ಬಂತೆಂದು ಪಾರ್ಟಿ. ವಾಲ್ಟರ್ ಹದಿಹರೆಯದ ಮಗನಿಗೆ ಟೆಕೀಲಾ ಸುರಿಯುತ್ತಾನೆ. ಹುಡುಗ ಕುಡಿಯುವ ಮುಂಚೆ ಹ್ಯಾಂಕ್‌ನ ಮುಖ ನೋಡುತ್ತಾನೆ. ‘ಅವನನ್ನೇನು ನೋಡ್ತೀಯ?’ ಎಂದು ಅಪ್ಪ ಗದರುತ್ತಾನೆ. ತಾಯಿಯ ತಂಗಿಯ ಗಂಡ ಇಂಗ್ಲಿಷಿನಲ್ಲಿ ಬರೀ ಅಂಕಲ್. ನಮ್ಮಲ್ಲಿ ಅವನು ಚಿಕ್ಕಪ್ಪ, ತಾಯಿಯ ಅಕ್ಕನ ಗಂಡನಾದರೆ ದೊಡ್ಡಪ್ಪ. ಎರಡರಲ್ಲೂ ‘ಅಪ್ಪ’ ಕೂತಿದ್ದಾನೆ! ವಾಲ್ಟರ್‌ಗೆ ಚುಚ್ಚುವ ಮುಳ್ಳು ಅದೇ. ಹ್ಯಾಂಕ್ ಬಾಟಲಿ ತೆಗೆದಿಟ್ಟಾಗ ನನ್ನ ಮಗ, ನನ್ನ ಬಾಟಲಿ, ನನ್ನ ಮನೆ ಎಂದು ಕಿರುಚುತ್ತಾನೆ. ಹುಡುಗ ಕೊಳಕ್ಕೇ ವಾಂತಿ ಮಾಡಿಕೊಳ್ಳುತ್ತಾನೆ.

ನಾಲ್ಕನೇ ಸೀಸನ್‌ನ 5ನೇ ಕಂತಿನಲ್ಲಿ ಇದೇ ಹೊಟ್ಟೆಕಿಚ್ಚು ಕುತ್ತಿಗೆಗೆ ಬರುತ್ತದೆ. ತಾನು ಹುಡುಕುತ್ತಿದ್ದ ಮಾದಕ ವಸ್ತು ತಯಾರಿಸುವ ಜಾಣ, ಸತ್ತ ಕೆಮಿಸ್ಟ್ ಗೇಲ್ ಇರಬೇಕು ಎಂದು ಅವನ ಟಿಪ್ಪಣಿ ನೋಡಿ ಅಂದುಕೊಂಡು ಹ್ಯಾಂಕ್ ಫೈಲು ಮುಚ್ಚಿಯೇ ಬಿಟ್ಟಿದ್ದ. ವೈನ್ ಏರಿದ ವಾಲ್ಟರ್‌ಗೆ ತನ್ನ ಹೊಗಳಿಕೆ ಇನ್ನೊಬ್ಬನ ಪಾಲಾಗುವುದು ತಡೆಯಲಿಲ್ಲ. ಗೇಲ್‌ನ ಆ ಟಿಪ್ಪಣಿಯಲ್ಲಿ ಇರುವುದು ಬರೀ ನಕಲು, ನಿಜವಾದ ಜಾಣ ಇನ್ನೂ ಹೊರಗೇ ಇರಬಹುದು ಅಂದುಬಿಡುತ್ತಾನೆ. ಮೊದಲ ಸಲ ಇದು ಕುಡುಕನ ಬಡಬಡಿಕೆ ಅನಿಸಿರುತ್ತದೆ. ಈಗ ನೋಡಿದರೆ ಮುಂದಿನದ್ದೆಲ್ಲ ಶುರುವಾಗುವುದು ಈ ಒಂದು ಮಾತಿಂದ.

ಹ್ಯಾಂಕ್‌ಗೂ ಪಾಲು ಬೇಡವೆಂದರೂ ಬರುತ್ತದೆ. ಗುಂಡೇಟು ತಿಂದ ಮೇಲೆ ಅವನ ಫಿಸಿಯೋಥೆರಪಿಗೆ ಆದ ಖರ್ಚು ಷಡ್ಡಕನ ಪಾಪದ ದುಡ್ಡು, 1,77,000 ಡಾಲರ್. ಐದನೇ ಸೀಸನ್‌ನ 11ನೇ ಕಂತಿನಲ್ಲಿ ಅದು ಅವನಿಗೆ ಗೊತ್ತಾಗುವಾಗ ಹ್ಯಾಂಕ್ ಪಾತ್ರದ ಡೀನ್ ನಾರಿಸ್ ಮುಖ ನೋಡಿ. ಬ್ರಯಾನ್ ಕ್ರಾನ್‌ಸ್ಟನ್‌ಗೆ ವಾಲ್ಟರ್ ಪಾತ್ರಕ್ಕೆ 4 ಎಮ್ಮಿ ಪ್ರಶಸ್ತಿ ಬಂತು. ನಾರಿಸ್‌ಗೆ ಒಂದೂ ಇಲ್ಲ, ಅನ್ಯಾಯ.

ಜೆಸ್ಸಿಯದು ಬೇರೆಯೇ ಎಳೆ. ವಾಲ್ಟರ್ ಕೈಯಲ್ಲೇ ಫೇಲಾದ ಶಿಷ್ಯ, ಈಗ ಮಾದಕ ವಸ್ತು ತಯಾರಿಸಲು ಅವನ ಜೊತೆಗಾರ. ಕೊಲೆ, ಮೋಸ, ಹೊಡೆದಾಟ ಎಲ್ಲ ಆದಮೇಲೂ ಅವನ ಬಾಯಲ್ಲಿ ‘ಮಿಸ್ಟರ್ ವೈಟ್’ ಹೋಗುವುದಿಲ್ಲ. ಅದನ್ನು ‘ಮೇಷ್ಟ್ರು’ ಅಂತಲೇ ಕೇಳಿಸಿಕೊಳ್ಳಿ, ಸರಿಹೋಗುತ್ತದೆ. ಹ್ಯಾಂಕ್ ಜೊತೆ ಸೇರಿ ಹಿಡಿದುಕೊಡಲು ಹೊರಟಾಗಲೂ ಅವನು ಹೇಳುವುದು ಮಿಸ್ಟರ್ ವೈಟ್ ಸೈತಾನ ಅಂತ. ಸೈತಾನನಿಗೂ ಮರ್ಯಾದೆ ತಪ್ಪಲಿಲ್ಲ.

ಮೂರನೇ ಸೀಸನ್‌ನ 10ನೇ ಕಂತನ್ನು ಹಾರಿಸಬೇಡಿ. ಲ್ಯಾಬಿನಲ್ಲಿ ಒಂದು ನೊಣ, ಇಬ್ಬರು ಮನುಷ್ಯರು, ಅಷ್ಟೇ. ಖರ್ಚು ಉಳಿಸಲು ಮಾಡಿದ್ದು. ಮೊದಲ ಸಲ ಬಹಳ ಜನಕ್ಕೆ ಬೋರು ಹೊಡೆಸಿದ್ದೂ ಹೌದು. ಆದರೆ ಎರಡನೇ ಸೀಸನ್‌ನಲ್ಲಿ ಜೆಸ್ಸಿಯ ಗೆಳತಿ ಜೇನ್ ಉಸಿರುಗಟ್ಟಿ ಸಾಯುವಾಗ ವಾಲ್ಟರ್ ನಿಂತು ನೋಡಿದ್ದ. ಇಲ್ಲಿ ಏಣಿ ಹಿಡಿದು ನಿಂತು, ನಿದ್ದೆಗಣ್ಣಲ್ಲಿ, ಅದನ್ನು ಹೇಳುವ ಹತ್ತಿರ ಬಂದು ಹಿಂದೆ ಸರಿಯುತ್ತಾನೆ. ಏಣಿಯ ಮೇಲಿರುವವನು ಜೆಸ್ಸಿ.

ಸ್ಕೈಲರ್‌ನ ಬೈದುಕೊಂಡೇ ಮೊದಲ ಸಲ ನೋಡಿದವರು ಅವಳ ಜಾಗದಲ್ಲಿ ಕೂತು ನೋಡಿ. ಗಂಡ ಎಲ್ಲಿಗೆ ಹೋದ ಅಂತ ಕೇಳಿದ್ದೇ ಅವಳ ತಪ್ಪು. ಸೊರಗಿದ್ದು ಮರೀ ಪಾತ್ರ. ಅವಳ ಅಂಗಡಿ ಕಳ್ಳತನದ ಎಳೆ ಅಲ್ಲಲ್ಲಿ ತಲೆಹಾಕಿ ಎಲ್ಲೂ ದಡ ಸೇರುವುದಿಲ್ಲ. ಎರಡನೇ ಸೀಸನ್ ಕೊನೆಯ ವಿಮಾನ ಅಪಘಾತವೂ ಎಳೆದು ತಂದು ಜೋಡಿಸಿದಂತಿದೆ.

2008ರಿಂದ 2013ರವರೆಗೆ ಬಂದ 5 ಸೀಸನ್, 62 ಕಂತು, ಒಂದೊಂದೂ ಮುಕ್ಕಾಲು ಗಂಟೆಯ ಆಸುಪಾಸು. ದಿನಕ್ಕೆ ಎರಡರಂತೆ ಒಂದು ತಿಂಗಳ ಕೆಲಸ, ಆಷಾಢದ ಮಳೆಗೆ ಹೇಳಿಮಾಡಿಸಿದ್ದು. ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಇಟ್ಟರೆ ಗಂಟೆಗೆ 3 ಜಿಬಿವರೆಗೂ ಡೇಟಾ ತಿನ್ನುತ್ತದೆ, ಮೊಬೈಲಿಗೆ ಕಡಿಮೆ ಗುಣಮಟ್ಟವೇ ಸಾಕು. ತೀರ್ಥಹಳ್ಳಿ, ಹೊಸನಗರ ಕಡೆಯವರು ಶಿವಮೊಗ್ಗ ಪೇಟೆಗೆ ಬಂದಾಗ ಇಳಿಸಿಟ್ಟುಕೊಂಡು ಹೋಗುವುದು ಕ್ಷೇಮ. ಇಳಿಸಿಟ್ಟದ್ದಕ್ಕೂ ಅವಧಿ ಇರುತ್ತದೆ, ಹಾಗಾಗಿ ಒಂದೇ ಸಲ ಇಡೀ ಸೀಸನ್ ಬೇಡ. ಐದನೇ ಸೀಸನ್‌ನ 13 ಮತ್ತು 14 ಮಾತ್ರ ಜೋಡಿಯಾಗಿಯೇ ಇರಲಿ. ಮರುಭೂಮಿಯಲ್ಲಿ ಗುಂಡು ಹಾರುತ್ತಿರುವಾಗಲೇ 13 ಮುಗಿಯುತ್ತದೆ. ಷಡ್ಡಕನ ಪ್ರಾಣಕ್ಕಾಗಿ ವಾಲ್ಟರ್ ತನ್ನ ಅಷ್ಟೂ ದುಡ್ಡು ಕೊಡುತ್ತೇನೆಂದು ಗೋಗರೆಯುವುದು 14ರಲ್ಲಿ.