ಶೇರ್ಡ್ ಹೋಸ್ಟಿಂಗ್ ಸೇವೆ: ಕೊಳ್ಳುವ ಮುನ್ನ ನೋಡಬೇಕಾದದ್ದು

ಹೊಸದಾಗಿ ಜಾಲತಾಣ ಕಟ್ಟುವವರಲ್ಲಿ ಬಹಳ ಮಂದಿ ಮೊದಲು ಕೊಳ್ಳುವುದು ಶೇರ್ಡ್ ಹೋಸ್ಟಿಂಗ್, ಅಂದರೆ ಒಂದೇ ಸರ್ವರ್ ಅನ್ನು (ತಾಣಗಳನ್ನು ಇರಿಸಿ ಓದುಗರಿಗೆ ತಲುಪಿಸುವ ಕಂಪ್ಯೂಟರ್) ಹತ್ತಾರು, ನೂರಾರು ತಾಣಗಳು ಹಂಚಿಕೊಳ್ಳುವ ಅಗ್ಗದ ಯೋಜನೆ. ಸಣ್ಣ ಸಂಸ್ಥೆಯ ಪರಿಚಯ ಪುಟಗಳಿಗೂ ಮಿತವಾದ ಓದುಗರಿರುವ ವರ್ಡ್‌ಪ್ರೆಸ್ (ತಾಣ ಕಟ್ಟುವ ತಂತ್ರಾಂಶ) ತಾಣಕ್ಕೂ ಇದು ಧಾರಾಳವಾಗಿ ಸಾಕು. ಆದರೆ ಇದರ ಯೋಗ್ಯತೆಯನ್ನು ಬೆಲೆಪಟ್ಟಿಯಿಂದ ತೀರ್ಮಾನಿಸಲಾಗದು. ಬಳಕೆಯ ನಿಯಮಗಳನ್ನು ಓದಬೇಕು, ತಾಣವನ್ನು ಅಲ್ಲಿಂದ ಸಲೀಸಾಗಿ ಹೊರತರಲು ಸಾಧ್ಯವೇ ಎಂದು ನೋಡಬೇಕು.

‘ಅನ್‌ಲಿಮಿಟೆಡ್’ ಎಂದು ಮಾರುವ ಯೋಜನೆಗಳಲ್ಲೂ ಮಿತಿಗಳಿರುತ್ತವೆ. ಡಿಸ್ಕ್ ಜಾಗಕ್ಕೆ ಲೆಕ್ಕವಿಲ್ಲ ಎಂದರೂ ಇನೋಡ್, ಅಂದರೆ ಕಡತಗಳ ಸಂಖ್ಯೆಗೆ ಲೆಕ್ಕವಿರುತ್ತದೆ. ಒಂದೊಂದು ಚಿತ್ರವನ್ನೂ ವರ್ಡ್‌ಪ್ರೆಸ್ ಹಲವು ಅಳತೆಗಳಲ್ಲಿ ಉಳಿಸುವುದರಿಂದ, ಸಂಗ್ರಹಿಸಿಟ್ಟ ಇಮೇಲ್‌ಗಳೂ ಒಂದೊಂದು ಕಡತವೇ ಆಗುವುದರಿಂದ, ಜಾಗ ಖಾಲಿಯಿರುವಾಗಲೇ ಈ ಮಿತಿ ಮುಟ್ಟಿಬಿಡಬಹುದು. ಏಕಕಾಲದಲ್ಲಿ ನಡೆಯಬಹುದಾದ ಪ್ರೊಸೆಸ್‌ಗಳು, ಸಿಪಿಯು ಮತ್ತು ಮೆಮೊರಿಗಳಿಗೂ ಮಿತಿಯುಂಟು. ಕ್ಲೌಡ್‌ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಳಸುವ ಸರ್ವರ್‌ಗಳಲ್ಲಿ ಏಕಕಾಲದ ಪ್ರೊಸೆಸ್‌ಗಳ ಗಡಿ ದಾಟಿದಾಗ ಓದುಗರಿಗೆ ಪುಟದ ಬದಲು 508 ಎಂಬ ದೋಷಸಂದೇಶ ಕಾಣಿಸುತ್ತದೆ. ಸರ್ವರ್ ಸುಸ್ಥಿತಿಯಲ್ಲೇ ಇರುತ್ತದೆ, ನಿಮ್ಮ ಪಾಲು ಮಾತ್ರ ಮುಗಿದಿರುತ್ತದೆ. ಖಾತೆಯನ್ನು ನಿರ್ವಹಿಸುವ ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕದಲ್ಲಿ ಸಂಪನ್ಮೂಲ ಬಳಕೆಯ ಪುಟವನ್ನು ತೆರೆದಿಡುವ ಕಂಪನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ, ಏಕೆಂದರೆ ತೊಂದರೆ ಎಲ್ಲಿದೆ ಎಂಬುದು ಬಳಕೆದಾರನಿಗೇ ಕಾಣುತ್ತದೆ.

ಬೆಲೆಯ ವಿಷಯದಲ್ಲಿ ಮೊದಲ ಅವಧಿಯ ರಿಯಾಯಿತಿ ದರವನ್ನು ಬದಿಗಿಟ್ಟು ನವೀಕರಣದ ದರವನ್ನೇ ಹೋಲಿಸಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದಲೂ ಎಸ್‌ಎಸ್‌ಎಲ್ ಪ್ರಮಾಣಪತ್ರಗಳನ್ನು (ತಾಣ ಮತ್ತು ಓದುಗರ ನಡುವಿನ ಸಂಪರ್ಕವನ್ನು ಸುರಕ್ಷಿತಗೊಳಿಸುವಂಥವು) ಉಚಿತವಾಗಿ ನೀಡುತ್ತಿರುವಾಗ, ಸಾಮಾನ್ಯ ತಾಣವೊಂದರ ಪ್ರಮಾಣಪತ್ರಕ್ಕೆ ಪ್ರತ್ಯೇಕ ಹಣ ಕೇಳುವುದು ನನಗೆ ಸರಿಯೆನಿಸುವುದಿಲ್ಲ.

ಶೇಕಡಾ 99.9 ಅಪ್‌ಟೈಮ್, ಅಂದರೆ ತಾಣ ಚಾಲೂ ಇರುವ ಸಮಯ, ಎಂಬ ಭರವಸೆಯನ್ನೂ ಲೆಕ್ಕ ಹಾಕಿ ನೋಡಬೇಕು. ಮೂವತ್ತು ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ತಾಣ ನಿಂತಿದ್ದರೂ ಆ ಮಾತು ಉಳಿದಂತೆಯೇ. ಪೂರ್ವನಿಗದಿತ ನಿರ್ವಹಣೆಯ ಸಮಯವನ್ನು ಎಷ್ಟೋ ಕಂಪನಿಗಳು ಇದಕ್ಕೆ ಸೇರಿಸುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಕಪ್. ಪ್ರತಿದಿನ ಬ್ಯಾಕಪ್ ಆಗುತ್ತದೆ ಎಂಬ ಮಾತಿಗೆ ಸಮಾಧಾನಪಡದೆ, ಪ್ರತಿಗಳು ಎಲ್ಲಿರುತ್ತವೆ, ಎಷ್ಟು ದಿನ ಉಳಿಯುತ್ತವೆ, ಮರುಸ್ಥಾಪನೆಗೆ ಶುಲ್ಕವಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ ಪ್ರತಿಯೂ ಅದೇ ಆವರಣದಲ್ಲಿದ್ದ ಕೆಲವು ಗ್ರಾಹಕರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. ಆದ್ದರಿಂದ ಕಡತಗಳನ್ನೂ ಡೇಟಾಬೇಸ್ ಅನ್ನೂ ಒಟ್ಟಿಗೆ ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬಿಡದ ಸೇವೆ ಎಷ್ಟೇ ಅಗ್ಗವಾಗಿದ್ದರೂ ಬೇಡವೆನ್ನುತ್ತೇನೆ. ಇಳಿಸಿಕೊಂಡ ಪ್ರತಿಯನ್ನು ಬೇರೊಂದು ಕಡೆ ಒಮ್ಮೆ ಸ್ಥಾಪಿಸಿ, ಪುಟಗಳು, ಚಿತ್ರಗಳು, ಸಂಪರ್ಕ ಫಾರ್ಮ್ ಎಲ್ಲವೂ ನಡೆಯುತ್ತವೆಯೇ ಎಂದು ನೋಡುವವರೆಗೆ ಅದನ್ನು ಬ್ಯಾಕಪ್ ಎಂದು ನಂಬುವಂತಿಲ್ಲ.

ಹೋಸ್ಟಿಂಗ್ ಜೊತೆಗೆ ಉಚಿತವಾಗಿ ಸಿಗುವ ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ಆಕರ್ಷಕವೇ ಸರಿ, ಆದರೂ ಅದನ್ನು ಬೇರೆ ಕಡೆ, ನಮ್ಮದೇ ಹೆಸರಿನಲ್ಲಿ ನೋಂದಾಯಿಸುವುದು ಲೇಸು. ಆಗ ಹೋಸ್ಟಿಂಗ್ ಕಂಪನಿಯೊಂದಿಗೆ ತಕರಾರಾದರೂ ವಿಳಾಸ ನಮ್ಮ ಕೈಯಲ್ಲೇ ಉಳಿಯುತ್ತದೆ. ತಾಣವನ್ನು ಬೇರೆಡೆಗೆ ಸಾಗಿಸುವ ಒಂದೆರಡು ದಿನ ಮೊದಲು ಡಿಎನ್‌ಎಸ್ ದಾಖಲೆಯ (ಡೊಮೇನ್ ಯಾವ ಸರ್ವರ್‌ಗೆ ಸೇರಿದ್ದೆಂದು ಹೇಳುವ ದಾಖಲೆ) ಟಿಟಿಎಲ್ ಅವಧಿಯನ್ನು, ಅಂದರೆ ಆ ದಾಖಲೆಯ ಪ್ರತಿಯನ್ನು ಇತರ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ, ಹೊಸ ಸರ್ವರ್‌ನಲ್ಲಿ ಎಲ್ಲವನ್ನೂ ಪರೀಕ್ಷಿಸಿದ ಬಳಿಕ ಆ ದಾಖಲೆಯಲ್ಲಿ ಸರ್ವರ್‌ನ ವಿಳಾಸ ಬದಲಿಸಿದರೆ, ಹೆಚ್ಚಿನ ಓದುಗರಿಗೆ ಸ್ಥಳಾಂತರವಾದದ್ದೇ ತಿಳಿಯುವುದಿಲ್ಲ. ಹಳೆಯ ಖಾತೆಯನ್ನು ಮಾತ್ರ ಇನ್ನೂ ಕೆಲವು ದಿನ ಚಾಲ್ತಿಯಲ್ಲಿಡಬೇಕು, ಏಕೆಂದರೆ ತಡವಾಗಿ ಬರುವ ಇಮೇಲ್‌ಗಳು ಅಲ್ಲಿಗೇ ಹೋಗಿ ಬೀಳಬಹುದು.