ಲಿಮಾನಾ, ಕಾರ್ತಹೇನಾನಾ?

ಮೂರೇ ದಿನ ಇದೆ, ಪೆರುವಿನ ಲಿಮಾನೋ ಕೊಲಂಬಿಯಾದ ಕಾರ್ತಹೇನಾನೋ ಅಂತ ಕೇಳಿದ್ದೀರಿ.

ಮೊದಲ ನೋಟಕ್ಕೇ ಮನಸ್ಸು ಕದಿಯುವುದು ಕಾರ್ತಹೇನಾ. ಕೋಟೆ ಗೋಡೆಯ ಒಳಗೆ ಹಳದಿ, ನೀಲಿ ಮನೆಗಳು. ಮರದ ಬಾಲ್ಕನಿಯಿಂದ ಜೋತುಬಿದ್ದ ಕಾಗದದ ಹೂವು. 1984ರಲ್ಲೇ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಊರು ಇದು. ಲಿಮಾ ಮೊದಲ ನೋಟಕ್ಕೇ ಹಾಗೆ ಸೆಳೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೆಲ್ಲಾ ಬೂದಿ ಬಣ್ಣ. 'ಗರುವಾ' ಎನ್ನುವ ತೆಳು ಮಂಜು ಮುಖಕ್ಕೆ ತಾಗುತ್ತದೆ, ಮಳೆ ಮಾತ್ರ ಬರುವುದೇ ಇಲ್ಲ ಅನ್ನಬಹುದು. ಆದರೂ ಅಲ್ಲಿನ ಮಿರಾಫ್ಲೋರೆಸ್ ಬಡಾವಣೆಯ ಕಡಿದಾದ ದಂಡೆ ಮೇಲೆ ನಿಂತು ಕೆಳಗೆ ಪೆಸಿಫಿಕ್ ಅಲೆ ನೋಡಿದರೆ ಬೇಗ ಹೊರಡಲು ಮನಸ್ಸಾಗುವುದಿಲ್ಲ.

ಸೆಕೆ ತಡೆಯದವರಿಗೆ ಕಾರ್ತಹೇನಾ ಕಷ್ಟ. ವರ್ಷವಿಡೀ 30 ಡಿಗ್ರಿ ಆಸುಪಾಸು, ಬೆವರು ಜಾಸ್ತಿ. ಹಳೇ ಊರನ್ನು ನಡೆದೇ ನೋಡಬಹುದು, ಬೆಳಿಗ್ಗೆ ಬೇಗ ಹೊರಡಿ. ಲಿಮಾದಲ್ಲಿ ಸುಮಾರು 1 ಕೋಟಿ ಜನ, ಟ್ರಾಫಿಕ್‌ನಲ್ಲೇ ಅರ್ಧ ದಿನ ಹೋಗುತ್ತದೆ.

ಊಟಕ್ಕೆ ನನ್ನ ಓಟು ಲಿಮಾಗೆ. ನಿಂಬೆ ರಸದಲ್ಲಿ ನೆನೆದ ಮೀನಿನ ಸೆವಿಚೆ, ಪಕ್ಕದಲ್ಲಿ ಬೇಯಿಸಿದ ಗೆಣಸು. ಸಸ್ಯಾಹಾರಿಗಳಿಗೆ ಕಾರ್ತಹೇನಾದ ತೆಂಗಿನ ಅನ್ನ, ಕರಿದ ಬಾಳೆಕಾಯಿ ಸುಲಭ ಅಲ್ವಾ?

ಮುಂದೆ ಪೆರುವಿನ ಇಂಕಾ ಕಾಲದ ತಾಣಗಳಾದ ಕುಸ್ಕೊ, ಮಾಚು ಪಿಚು ನೋಡುವುದಿದ್ದರೆ ಲಿಮಾ ದಾರಿಯಲ್ಲೇ ಸಿಗುತ್ತದೆ. ಸುಮ್ನೆ ಸುತ್ತಾಡಿ ಕೆರಿಬಿಯನ್ ಗಾಳಿಗೆ ಕೂರಬೇಕಿದ್ದರೆ ಕಾರ್ತಹೇನಾಗೆ ಟಿಕೆಟ್ ಮಾಡಿ.